ಮುಯ್ಯಾಳು ಕಲಿಸಿದ್ದು

ಹೊಸನಗರ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಅಕ್ಕೋರು ಒಬ್ಬರು. ಅವರ ಹಳೆಯ ಶಿಷ್ಯ, ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬಂದವನು, ಊರಿನ ಹುಡುಗರ ಜೊತೆ ಸೇರಿ ಸೇವಾ ತಂಡವೊಂದನ್ನು ಕಟ್ಟುತ್ತಿದ್ದಾನೆ. ಆ ಬಗ್ಗೆ ಇಬ್ಬರ ನಡುವೆ ನಡೆದ ಮಾತುಕತೆ ಇದು.

ಶಿಷ್ಯ: ಅಕ್ಕೋರೇ, ಪಟ್ಟಿ ತಂದಿದ್ದೀನಿ. ವಯಸ್ಸಾದವರು ಮಾತ್ರ ಇರೋ ಮನೆಗಳು, ಹಾಸಿಗೆ ಹಿಡಿದವರಿರೋ ಮನೆಗಳು, ಮಳೆಗಾಲದಲ್ಲಿ ದಾರಿ ಕಡಿದುಹೋಗೋ ಮನೆಗಳು, ಎಲ್ಲ ಬರೆದಿದ್ದೀವಿ. ಔಷಧಿ ತಂದುಕೊಡೋದು, ಆಸ್ಪತ್ರೆಗೆ ಕರಕೊಂಡು ಹೋಗೋದು, ರೇಷನ್ ಮುಟ್ಟಿಸೋದು ಯಾರು ಯಾರು ಅಂತಲೂ ಹಂಚಿಕೊಂಡಿದ್ದೀವಿ. ನೀವೊಂದು ಸಲ ನೋಡಿ ಹೇಳಬೇಕು.

ಅಕ್ಕೋರು: ಒಳ್ಳೇ ಕೆಲಸ ಮಾರಾಯ. ಇಷ್ಟು ಮನೆ ಮೆಟ್ಟಿಲು ಹತ್ತಿ ವಿಚಾರಿಸಿದವರು ಇತ್ತೀಚೆಗೆ ಯಾರೂ ಇರಲಿಲ್ಲ. ಆದರೆ ಒಂದು ಕೇಳ್ತೀನಿ. ಪ್ರತಿ ಮನೆಯ ಮುಂದೆ ಅವರಿಗೇನು ಬೇಕು ಅಂತ ಬರೆದಿದ್ದೀರಿ. ಅವರಿಂದ ಏನಾಗುತ್ತೆ ಅಂತ ಯಾಕೆ ಬರೆದಿಲ್ಲ?

ಶಿಷ್ಯ: ಕೈಲಾಗದವರ ಪಟ್ಟಿ ಅಲ್ವಾ ಇದು? ಅವರ ಹತ್ತಿರ ಏನು ಕೇಳೋದು? ತಿರುಗಿ ಏನಾದರೂ ಕೇಳಿದರೆ ಅದು ಸೇವೆ ಹೇಗಾಗುತ್ತೆ?

ಅಕ್ಕೋರು: ನೀನು ಮುಯ್ಯಾಳಿನ ಊರಲ್ಲಿ ಬೆಳೆದ ಹುಡುಗ. ಕೊನೆ ಕೊಯ್ಲಿನ ರಾತ್ರಿಗಳನ್ನ ನೆನಪು ಮಾಡಿಕೋ. ಹಸಿ ಅಡಿಕೆ ಕೊಯ್ದರೆ ಸುಲೀಬೇಕು, ಸುಲಿದದ್ದನ್ನ ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಬೇಕು, ಬೆಂದದ್ದನ್ನ ಬಿಸಿಲಿಗೆ ಹರಡಬೇಕು. ತಡವಾದರೆ ಬಣ್ಣ ಕೆಡ್ತು, ಬಣ್ಣ ಕೆಟ್ಟರೆ ರೇಟು ಹೋಯ್ತು. ಒಂದು ಮನೆಯವರಿಂದ ಮುಗಿಯೋ ಕೆಲಸ ಅಲ್ಲ ಅದು. ಹಾಗಾಗಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರೆಲ್ಲ ಮೆಟ್ಟುಗತ್ತಿ ಎತ್ತಿಕೊಂಡು ಒಂದೇ ಅಂಗಳಕ್ಕೆ ಬರ್ತಿದ್ದರು. ಇವತ್ತು ನಿಮ್ಮ ಮನೆ, ನಾಡಿದ್ದು ಆಚೆ ಮನೆ. ಅದೇ ಮುಯ್ಯಾಳು. ಉಪಕಾರ ಮಾಡಿದೆ ಅಂತ ಯಾರೂ ಬೀಗ್ತಿರಲಿಲ್ಲ, ಉಪಕಾರ ಪಡೆದೆ ಅಂತ ಯಾರೂ ಕುಗ್ತಿರಲಿಲ್ಲ.

ಶಿಷ್ಯ: ಅದು ಬರೀ ಲೆಕ್ಕಾಚಾರ ಆಯ್ತಲ್ಲ? ನೀನು ನನ್ನ ಅಂಗಳಕ್ಕೆ ಬಂದೆ, ನಾನು ನಿನ್ನ ಅಂಗಳಕ್ಕೆ ಬರ್ತೀನಿ. ಇದರಲ್ಲಿ ದಯೆ ಎಲ್ಲಿ ಬಂತು?

ಅಕ್ಕೋರು: ಲೆಕ್ಕ ಇತ್ತು, ಇಲ್ಲ ಅನ್ನೋಲ್ಲ. ಆದರೆ ಒಂದು ಆಳಿಗೆ ಒಂದೇ ಆಳು ಅಂತ ಯಾರೂ ಗೆರೆ ಎಳೆದು ಕೂರ್ತಿರಲಿಲ್ಲ. ಗಂಡ ತೀರಿಹೋದ ಹೆಂಗಸಿನ ಮನೆಯಿಂದ ಅವಳೊಬ್ಬಳೇ ಬಂದರೂ ಅವಳ ಅಂಗಳಕ್ಕೆ ಮನೆಮನೆಯವರೆಲ್ಲ ಹೋಗ್ತಿದ್ದರು. ಕಣ್ಣು ಮಂಜಾದ ಅಜ್ಜನಿಗೆ ಸುಲಿಯೋಕೆ ಆಗ್ತಿರಲಿಲ್ಲ. ಆದರೂ ಬಂದು ಕೂತು ತಾಳಮದ್ದಳೆಯ ಅರ್ಥ ಹೇಳ್ತಿದ್ದ, ಕಥೆ ಹೇಳ್ತಿದ್ದ. ಸುಲಿಯೋರಿಗೆ ನಿದ್ದೆ ಬರದ ಹಾಗೆ ನೋಡಿಕೊಳ್ಳೋದು ಅವನ ಪಾಲಿನ ಕೆಲಸ. ಅವನನ್ನೂ ಒಂದು ಆಳು ಅಂತಲೇ ಎಣಿಸ್ತಿದ್ದರು. ಕಾಫಿ ಲೋಟ ಅವನಿಗೂ ಅದೇ ಸಾಲಿನಲ್ಲಿ ಬರ್ತಿತ್ತು. ದಯೆ ಎಲ್ಲಿ ಅಂತ ಕೇಳಿದೆಯಲ್ಲ, ಅಲ್ಲಿತ್ತು. ಸಹಾಯ ಬೇಕಾದವನಿಗೂ ತಾನು ಕೊಟ್ಟೆ ಅನ್ನೋದಕ್ಕೆ ಒಂದು ಜಾಗ ಮಾಡಿಕೊಡ್ತಿದ್ದರು.

ಶಿಷ್ಯ: ನಿಮ್ಮ ಮಾತು ಒಪ್ಪೋಕೆ ನನಗೊಂದು ಅಡ್ಡಿ ಇದೆ ಅಕ್ಕೋರೇ. ಮುಯ್ಯಾಳು ನಡೀತಿದ್ದದ್ದು ತೋಟ ಇದ್ದವರ ನಡುವೆ. ಮರ ಹತ್ತೋ ಕೊನೆಗಾರ, ಹೊರೆ ಹೊರೋ ಆಳು, ಗೇಣಿ ಗದ್ದೆ ಉಳೋನು, ಇವರೆಲ್ಲ ಆ ಅಂಗಳದ ಯಾವ ಮೂಲೆಯಲ್ಲಿದ್ದರು? ಅವರ ಮನೆ ಕೆಲಸಕ್ಕೆ ಯಾರು ಹೋಗ್ತಿದ್ದರು?

ಅಕ್ಕೋರು: ಸರಿಯಾಗಿ ಕೇಳಿದೆ. ಯಾರೂ ಹೋಗ್ತಿರಲಿಲ್ಲ. ಸರೀಕರ ನಡುವೆ ನಮ್ಮ ಸಹಕಾರ ಸೊಗಸಾಗಿತ್ತು, ಸರೀಕರಲ್ಲದವರ ಮುಂದೆ ಅದು ಬಾಗಿಲು ಹಾಕಿಕೊಳ್ತಿತ್ತು. ಸಾಗರದ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದುನಿಂತದ್ದು ಯಾತಕ್ಕೆ? ಗೇಣಿ ಭತ್ತ ಅಳೆಯೋ ಕೊಳಗದ ಅನ್ಯಾಯಕ್ಕೆ. ಎಚ್. ಗಣಪತಿಯಪ್ಪನವರು ಅವರನ್ನ ಒಟ್ಟುಗೂಡಿಸಿದರು. ನಮ್ಮ ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಹೆಗಲು ಕೊಟ್ಟರು. ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೆ ಒಳಗಾದರು. ಹೊರಗಿಂದ ಬಂದು ಜೈಲು ಸೇರಿದ ಸಮಾಜವಾದಿಗಳಿಗೆ ಆ ಊರಲ್ಲಿ ಗದ್ದೆಯೂ ಇರಲಿಲ್ಲ, ಗೇಣಿಯೂ ಇರಲಿಲ್ಲ. ಯಾರ ಅಂಗಳಕ್ಕೂ ಮುಯ್ಯಿ ತೀರಿಸಬೇಕಾದವರಲ್ಲ ಅವರು. ಉಳುವವನಿಗೇ ಭೂಮಿ ಅನ್ನೋ ಮಾತು 1974ರ ಭೂಸುಧಾರಣೆ ಕಾನೂನಿನಲ್ಲಿ ಕೈಗೂಡಿತು ಅಂದರೆ ಅದರ ಹಿಂದೆ ಇಂಥವರ ನಡಿಗೆ ಇದೆ.

ಶಿಷ್ಯ: ಹಾಗಾದರೆ ಮೊದಲು ನ್ಯಾಯ, ಆಮೇಲೆ ಉಪಕಾರ ಅಂತೀರಾ?

ಅಕ್ಕೋರು: ಮೊದಲು, ಆಮೇಲೆ ಅಂತ ಕಾಯೋಕೆ ಹಸಿದವನಿಗೆ ಆಗಲ್ಲ. ಎರಡೂ ಜೊತೆಗೇ ನಡೀಬೇಕು. ನನ್ನ ಮಾತಿಷ್ಟೇ: ಕೂಲಿ ಕಡಿಮೆ ಕೊಟ್ಟು ಹಬ್ಬಕ್ಕೆ ಬಟ್ಟೆ ಕೊಟ್ಟರೆ ಅದನ್ನ ಸೇವೆ ಅಂತ ಕರೀಬೇಡಿ. ಪಟ್ಟಿಯಿಂದ ಒಂದು ಮನೆ ಹೇಳು, ನೋಡೋಣ.

ಶಿಷ್ಯ: ನಮ್ಮೂರ ಕೊನೆಗಾರನ ಮನೆ. ಮರದಿಂದ ಬಿದ್ದು ಸೊಂಟ ಹೋಗಿದೆ, ಅಂಗಳ ದಾಟೋಕೂ ಕೋಲು ಬೇಕು. ಅಕ್ಕಿ, ಬೇಳೆ, ಎಣ್ಣೆ ಚೀಲದಲ್ಲಿ ತುಂಬಿ ಒಯ್ದಿದ್ವಿ. ಹೆಂಡತಿ ತಗೊಂಡಳು. ಅವನು ಗೋಡೆ ಕಡೆ ಮುಖ ಮಾಡಿ ಕೂತ, ಮಾತೇ ಆಡಲಿಲ್ಲ.

ಅಕ್ಕೋರು: ಕಾಲಿಗೆ ತಳೆ ಹಾಕಿ ಊರಿನ ತೋಟಗಳನ್ನೆಲ್ಲ ಹತ್ತಿ ಇಳಿದ ಮನುಷ್ಯ. ಒಂದು ಮರದ ತುದಿಯಿಂದ ಜೀಕಿ ಪಕ್ಕದ ಮರ ಹಿಡೀತಿದ್ದವನು. ಈಗ ನಿಮ್ಮ ಚೀಲದ ಮುಂದೆ ಅವನಿಗೆ ಕಾಣೋದು ತನ್ನ ಸೊಂಟ ಒಂದೇ. ಅವನಿಗೆ ಉಳಿದಿರೋದನ್ನ ನೀವು ನೋಡಿ. ಕೊನೆ ಬಲಿತಿದೆಯೋ, ಎಳಸೋ ಅಂತ ನೆಲದ ಮೇಲೆ ನಿಂತೇ ಹೇಳೋ ಕಣ್ಣು ಅವನದು. ನೀವು ಹುಡುಗರು ಫೈಬರ್ ದೋಟಿ ಹಿಡಿದು ಕೊಯ್ಯೋದು ಕಲಿತಿದ್ದೀರಿ. ಆದರೆ ಯಾವ ಕೊನೆ ಇವತ್ತು, ಯಾವ ಕೊನೆ ಇನ್ನೊಂದು ಹದಿನೈದು ದಿನ ಬಿಟ್ಟು ಅನ್ನೋದು ದೋಟಿಗೆ ಗೊತ್ತಿಲ್ಲ. ಅವನನ್ನ ಜೀಪಲ್ಲಿ ಕರಕೊಂಡು ಹೋಗಿ ತೋಟದಲ್ಲಿ ಕುರ್ಚಿ ಹಾಕಿ ಕೂರಿಸಿ. ಅವನು ತೋರಿಸಲಿ, ನೀವು ಕೊಯ್ಯಿರಿ. ಆ ದಿನದ ಸಂಬಳ ಅವನ ಕೈಗೆ ಕೊಡಿ. ಪುಕ್ಕಟೆ ಮಾಡಿಸಬೇಡಿ. ಆಮೇಲೆ ಅಕ್ಕಿ ಚೀಲ ಒಯ್ದರೆ ಅವನೇ ಒಳಗೆ ಇಡಿ ಅಂತಾನೆ.

ಶಿಷ್ಯ: ಇದು ನಮಗೆ ಹೊಳೆದೇ ಇರಲಿಲ್ಲ. ಅವನ ಮನೆಯ ಮುಂದೆ ಬರೆದುಕೊಳ್ತೀನಿ. ಆದರೆ ಅಕ್ಕೋರೇ, ಎಲ್ಲದಕ್ಕೂ ಕೊಟ್ಟು ತಗೊಳ್ಳೋ ಜೋಡಿ ಸಿಕ್ಕೀತಾ? ಒಂದೇ ಕಡೆಗೆ ಹರಿಯೋ ಉಪಕಾರವೂ ಇರುತ್ತಲ್ಲ?

ಅಕ್ಕೋರು: ಇರುತ್ತೆ, ಇರಬೇಕು. ನಾನಿದ್ದ ಒಂದು ಶಾಲೆಗೆ ಮಕ್ಕಳು ಹಳ್ಳ ದಾಟಿ ಬರಬೇಕಿತ್ತು. ಮುಂಗಾರು ಶುರುವಾಗೋದಕ್ಕೆ ಮೊದಲು ಊರವರು ಸೇರಿ ಸಂಕ ಹಾಕ್ತಿದ್ದರು. ಅಡಿಕೆ ಮರ ಎರಡೋ ಮೂರೋ ಕಡಿದು ಹಳ್ಳಕ್ಕೆ ಅಡ್ಡ ಜೋಡಿಸೋದು, ಮೇಲೆ ದಬ್ಬೆ ಬಡಿಯೋದು, ಪಕ್ಕದಲ್ಲಿ ಹಿಡಕೊಳ್ಳೋಕೆ ಬಿದಿರಿನ ಗಳ ಕಟ್ಟೋದು. ಆಗುಂಬೆ, ಹುಲಿಕಲ್ಲು ಅಂದರೆ ವರ್ಷಕ್ಕೆ 7,000 ಮಿಲಿಮೀಟರ್ ದಾಟೋ ಮಳೆ. ಆ ಮಳೆಗೆ ಒಂದೇ ಹಂಗಾಮಿನಲ್ಲಿ ಸಂಕ ಪಾಚಿ ಹಿಡಿದು ಕುಂಬಾಗುತ್ತೆ, ಮರುವರ್ಷ ಹೊಸದೇ ಆಗಬೇಕು. ಒಬ್ಬರು ಮರ ಕೊಡೋರು, ಒಬ್ಬರು ಬಿದಿರು, ಒಬ್ಬರು ಮೊಳೆ. ಶಾಲೆಗೆ ಹೋಗೋ ಮಕ್ಕಳೇ ಇಲ್ಲದ ಮನೆಯವರೂ ಸೊಂಟದ ಮಟ್ಟ ನೀರಲ್ಲಿ ನಿಂತು ಕಂಬ ಹಿಡೀತಿದ್ದರು. ಅವರಿಗೆ ಆ ಸಂಕದಿಂದ ಏನೂ ಆಗಬೇಕಿರಲಿಲ್ಲ.

ಶಿಷ್ಯ: ಮಳೆ ಜೋರಾದ ದಿನ ಶಾಲೆ ಬಿಡೋ ಹೊತ್ತಿಗೆ ಸಂಕದ ಹತ್ತಿರ ಯಾರಾದರೂ ನಿಂತಿರ್ತಿದ್ದರು, ಅದು ನನಗೂ ನೆನಪಿದೆ.

ಅಕ್ಕೋರು: ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿರ್ತಿದ್ದರು. ಹಳ್ಳ ಕೆಂಪಾಗಿ ಉಕ್ಕುತಾ ಇದ್ದರೆ ಮಕ್ಕಳನ್ನ ಗುಂಪಾಗಿ ಬಿಡ್ತಿರಲಿಲ್ಲ. ಒಬ್ಬೊಬ್ಬರನ್ನೇ ಕೈ ಹಿಡಿದು ಆಚೆ ದಾಟಿಸಿ, ಪುನಃ ಈಚೆ ಬಂದು ಇನ್ನೊಬ್ಬರನ್ನ. ಪಾಟಿಚೀಲ ತಮ್ಮ ಹೆಗಲಿಗೆ. ಕೊನೇ ಮಗು ಆಚೆ ದಡ ಹತ್ತಿದ ಮೇಲೆ ಗದ್ದೆ ಕೆಲಸಕ್ಕೆ ವಾಪಸ್. ಇವತ್ತು ನೀನು ನಿಲ್ಲು ಅಂತ ಅವರಿಗೆ ಹೇಳಿದವರು ಯಾರೂ ಇಲ್ಲ. ಗದ್ದೆಯಲ್ಲಿದ್ದವರು ಆಕಾಶ ನೋಡಿ ಬರ್ತಿದ್ದರು.

ಶಿಷ್ಯ: ಆದರೆ ಇನ್ನೂ ಸಂಕ ದಾಟಬೇಕು ಅನ್ನೋದೇ ತಪ್ಪಲ್ವಾ? ಸೇತುವೆ ಕಟ್ಟಬೇಕಾದದ್ದು ಸರ್ಕಾರ. ನಾವು ಸಂಕ ಹಾಕುತ್ತಾ ಹೋದರೆ ಅವರು ಆರಾಮಾಗಿ ಇರ್ತಾರೆ.

ಅಕ್ಕೋರು: ಸಂಕವನ್ನೂ ಹಾಕಬೇಕು, ಅರ್ಜಿಯನ್ನೂ ಬರೀಬೇಕು. ಮಗು ಈ ಜೂನ್‌ನಲ್ಲೇ ಶಾಲೆಗೆ ಹೋಗಬೇಕಲ್ಲ? ಸುಳ್ಯದ ಗಿರೀಶ್ ಭಾರದ್ವಾಜರನ್ನ ನೋಡು. ಎಂಜಿನಿಯರ್. ಹೊಳೆಯಾಚೆ ಸಿಕ್ಕಿಹಾಕಿಕೊಂಡ ಊರಿನವರ ಕಷ್ಟ ನೋಡಿ 1989ರಲ್ಲಿ ತೂಗುಸೇತುವೆ ಕಟ್ಟೋಕೆ ಶುರುಮಾಡಿದರು. ಊರವರನ್ನೇ ಜೊತೆಗೆ ಸೇರಿಸಿಕೊಂಡು ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಊರವರ ಕೈ, ಎಂಜಿನಿಯರ ವಿದ್ಯೆ, ಸರ್ಕಾರದ ದುಡ್ಡು ಮೂರೂ ಕೂಡಿದರೆ ಏನಾಗುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಶಿಷ್ಯ: ನಮ್ಮ ಶರಾವತಿ ಹಿನ್ನೀರಿನವರಿಗೆ ಆ ಮೂರೂ ಕೂಡೋಕೆ ಎಷ್ಟು ಕಾಲ ಬೇಕಾಯ್ತು ನೋಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ನಡುವಿನ ಆರು ದಶಕ ಆ ಕಡೆಯವರು ಲಾಂಚ್ ಕಾಯ್ತಾ ಕೂತರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಜೀಪು ಇದ್ದವರ ಮನೆ ಬಾಗಿಲು ತಟ್ಟಬೇಕಿತ್ತು, ಕಾಡುದಾರಿಯಲ್ಲಿ ಸುತ್ತು ಹೊಡೀಬೇಕಿತ್ತು.

ಅಕ್ಕೋರು: ಆ ಜೀಪಿನವರು ಬಾಡಿಗೆ ಮಾತಾಡಿ ಹೊರಟವರಲ್ಲ. ಜೀಪು ಇಲ್ಲದ ಕಾಲದಲ್ಲಿ ಕಂಬಳಿ ಜೋಲಿ ಕಟ್ಟಿ ಬಿದಿರಿಗೆ ನೇತುಹಾಕಿ ಹೊತ್ತರು, ದಣಿದ ಹೆಗಲಿಗೆ ಹೆಗಲು ಬದಲಾಯಿಸುತ್ತಾ. ಆ ಜನ ಹೊಲ, ಮನೆ, ದೇವಸ್ಥಾನ ನೀರಿಗೆ ಬಿಟ್ಟದ್ದರಿಂದ ಇಡೀ ನಾಡಿಗೆ ದೀಪ ಬಂತು. ಮುಯ್ಯಾಳಿನ ಲೆಕ್ಕದಲ್ಲಿ ನಾಡು ಅವರ ಅಂಗಳಕ್ಕೆ ಹೋಗಬೇಕಾಗಿತ್ತು. ಸೇತುವೆಯಿಂದ ಒಂದಿಷ್ಟು ತೀರಿದೆ. ಮುಳುಗಡೆಯಿಂದ ಎದ್ದು ಬೇರೆ ಕಡೆ ಕೂತ ಎಷ್ಟೋ ಕುಟುಂಬಗಳಿಗೆ ಇದ್ದ ಜಾಗದ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ನಿಮ್ಮ ತಂಡದಲ್ಲಿ ಓದಿದ ಹುಡುಗರಿದ್ದೀರಲ್ಲ? ಅರ್ಜಿ ಬರೆದುಕೊಡೋದನ್ನೂ ಸೇವೆಗೆ ಸೇರಿಸಿ. ಪಿಂಚಣಿ ಅರ್ಜಿ, ಆಧಾರ್ ತಿದ್ದುಪಡಿ, ಪಹಣಿಯಲ್ಲಿ ಹೆಸರು ತಪ್ಪಾದದ್ದು. ಓದೋಕೆ ಬಾರದ ಮುದುಕಿಗೆ ತಾಲ್ಲೂಕು ಕಚೇರಿಯ ಕಿಟಕಿ ಒಂದು ಗುಡ್ಡಕ್ಕಿಂತ ಎತ್ತರ. ಜೊತೆಗೆ ಒಬ್ಬ ಹುಡುಗ ನಿಂತರೆ ಅವಳನ್ನ ಮಾತಾಡಿಸೋ ರೀತಿಯೇ ಬದಲಾಗುತ್ತೆ.

ಶಿಷ್ಯ: ನೀವು ಜೊತೆಗೆ ನಿಲ್ಲೋದು ಅಂದಾಗ ನನಗೆ ಬಸ್ಸಿನವರು ನೆನಪಾದರು. ತೀರ್ಥಹಳ್ಳಿಯಲ್ಲಿ ಕಾಲೇಜು ಓದುವಾಗ ಸಹಕಾರ ಸಾರಿಗೆಯಲ್ಲಿ ಓಡಾಡ್ತಿದ್ದೆ. ಬಸ್ಸೂ ಅವರದ್ದೇ, ದುಡಿಮೆಯೂ ಅವರದ್ದೇ. ಕೆಲಸಗಾರರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ಅದು. ಒಂದು ದಿನ ಸಂಜೆ ನಮ್ಮ ತರಗತಿಯ ಹುಡುಗಿ ಒಂದು ಕ್ರಾಸಲ್ಲಿ ಇಳಿದಳು. ಅಲ್ಲಿಂದ ಕಾಡುದಾರಿ, ಮೋಡ ಕವಿದು ಕತ್ತಲಾಗಿತ್ತು. ಕಂಡಕ್ಟರ್ ಬಾಗಿಲಲ್ಲೇ ನಿಂತರು, ಡ್ರೈವರ್ ಇಂಜಿನ್ ಆಫ್ ಮಾಡಲಿಲ್ಲ, ಹೊರಡಲೂ ಇಲ್ಲ. ದೂರದಲ್ಲಿ ಅವಳಪ್ಪನ ಟಾರ್ಚು ಬೆಳಕು ಕಂಡು, ಅವರು ಕೂ ಹಾಕಿದ ಮೇಲೆ ಇವರು ರೈಟ್ ಅಂದರು. ಬಸ್ಸಲ್ಲಿದ್ದ ಒಬ್ಬರೂ ತಡವಾಯ್ತು ಅನ್ನಲಿಲ್ಲ.

ಅಕ್ಕೋರು: ಔಷಧಿ ಚೀಟಿ, ದುಡ್ಡು ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆ ಬಸ್ಸಿಗೆ ಔಷಧಿ ಬರ್ತಿತ್ತು. ಚಿಲ್ಲರೆಯನ್ನೂ ಅದೇ ಚೀಟಿಯಲ್ಲಿ ಮಡಿಸಿ ಕೊಡೋರು. ಹಾಲ್ಟಿಂಗ್ ಬಸ್ಸು ನಿಲ್ಲೋ ಊರುಗಳಲ್ಲಿ ಡ್ರೈವರ್, ಕಂಡಕ್ಟರಿಗೆ ರಾತ್ರಿ ಊಟ, ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಊರವರ ಮನೆಯಲ್ಲೇ. ಆ ಸಂಸ್ಥೆ 2020ರಲ್ಲಿ ನಿಂತುಹೋಯ್ತು. ನಷ್ಟ ಬಸ್ಸಿನದ್ದು ಮಾತ್ರ ಅಲ್ಲ. ಔಷಧಿ ತರೋ ಕೈ, ಕತ್ತಲಲ್ಲಿ ಕಾಯೋ ಕಣ್ಣು ಅಷ್ಟೂ ಹೋದವು. ನಿಮ್ಮ ತಂಡ ತುಂಬಬೇಕಾದ ಜಾಗ ಅದು.

ಶಿಷ್ಯ: ಆಶಾ ಕಾರ್ಯಕರ್ತೆಯರ ಬಗ್ಗೆ ನಮ್ಮಲ್ಲೇ ಒಂದು ಚರ್ಚೆ ಬಂತು. ಅವರು ಗೌರವಧನ ತಗೊಂಡು ಮಾಡ್ತಾರೆ, ಅದನ್ನ ಸೇವೆ ಅನ್ನಬೇಕಾ ಅಂತ ಒಬ್ಬ ಕೇಳಿದ.

ಅಕ್ಕೋರು: ಆ ಹುಡುಗನಿಗೆ 2019ರಲ್ಲಿ ಅರಳಗೋಡಿನಲ್ಲಿ ಏನಾಯ್ತು ಅಂತ ಹೇಳು. ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ರೋಗ, ಆರು ದಶಕದ ಮೇಲೆ ಸಾಗರ ತಾಲ್ಲೂಕಿನ ಆ ಊರಲ್ಲಿ ಜನರನ್ನ ಬಲಿ ತಗೊಂಡಿತು. ಮಂಗ ಸತ್ತ ಕಡೆ ಉಣುಗು ನೆಲಕ್ಕೆ ಬೀಳುತ್ತೆ, ದರಗು ಗುಡಿಸೋಕೆ, ಸೊಪ್ಪು ತರೋಕೆ ಕಾಡಿಗೆ ಹೋದವರಿಗೆ ಹತ್ತುತ್ತೆ. ಆ ಹೊತ್ತಲ್ಲಿ ಮನೆಮನೆಗೆ ಹೋಗಿ ಕೈಕಾಲಿಗೆ ಹಚ್ಚಿಕೊಳ್ಳೋ ಎಣ್ಣೆ ಕೊಟ್ಟವರು, ಲಸಿಕೆಗೆ ಒಪ್ಪಿಸಿದವರು, ಜ್ವರ ಬಂದವರನ್ನ ಆಸ್ಪತ್ರೆಗೆ ಹೊರಡಿಸಿದವರು ಯಾರು? ಅವರಿಗೂ ಮಕ್ಕಳಿದ್ದರು, ಅವರೂ ಅದೇ ಕಾಡುದಾರಿ ತುಳೀಬೇಕಿತ್ತು. ದುಡ್ಡು ತಗೊಂಡ ಮಾತ್ರಕ್ಕೆ ಸೇವೆ ಸಣ್ಣದಾಗಲ್ಲ. ಕೊಡೋ ಗೌರವಧನ ಸಣ್ಣದಾದರೆ ನಾವು ಸಣ್ಣವರಾಗ್ತೀವಿ. ಅವರು ಬೆಂಗಳೂರಿಗೆ ಹೋಗಿ ಧರಣಿ ಕೂತಾಗ ನಿಮ್ಮ ತಂಡ ಅವರ ಪರ ಒಂದು ಪತ್ರ ಬರೆಯಲಿ.

ಶಿಷ್ಯ: ಬರೀತೀವಿ. ಇನ್ನು ಒಂದು ಪೇಚು ಉಳಿದಿದೆ. ತಂಡಕ್ಕೆ ವಾಟ್ಸಾಪ್ ಗುಂಪು ಮಾಡಿದ್ದೀವಿ, ಆದರೆ ಅರ್ಧ ಮನೆಗಳಲ್ಲಿ ಸಿಗ್ನಲ್ಲೇ ಇಲ್ಲ. ಗುಡ್ಡ ಹತ್ತಿ ಫೋನ್ ಮಾಡಬೇಕು. 108ಕ್ಕೆ ಕರೆ ಮಾಡೋಕೂ ಅದೇ ಗತಿ. ಕರೆಂಟು ಹೋದರೆ ಮೂರು ನಾಲ್ಕು ದಿನ ಯಾರ ಸುದ್ದಿಯೂ ಇಲ್ಲ.

ಅಕ್ಕೋರು: ಅದಕ್ಕೇ ಹೇಳೋದು, ಫೋನ್ ಬಂದ ಮೇಲೆ ಹೋಗೋ ತಂಡ ಸಾಲದು. ಕರೆಯೋಕೆ ಮೊದಲೇ ಕಣ್ಣಿಡೋ ಪಕ್ಕದ ಮನೆ ಬೇಕು. ಒಂಟಿ ಅಜ್ಜಿಯ ಮನೆಯ ಹೊಗೆ ಬೆಳಿಗ್ಗೆ ಎದ್ದಿತಾ, ಹಾಲು ತಗೊಳ್ಳೋಕೆ ಡೈರಿಗೆ ಬಂದಳಾ, ಬಾಗಿಲು ತೆಗೆದಿದೆಯಾ, ಇಷ್ಟನ್ನ ಪಕ್ಕದವರು ನೋಡಿದರೆ ಸಾಕು. ದೂರದ ಮನೆಗಳನ್ನ ಜೋಡಿ ಮಾಡಿ. ಈ ಮನೆ ಆ ಮನೆಯನ್ನ ನೋಡಲಿ, ಆ ಮನೆ ಈ ಮನೆಯನ್ನ. ಅಜ್ಜಿಯೂ ನೋಡಲಿ. ಅಪ್ಪ ಅಮ್ಮ ಕೂಲಿಗೆ ಹೋದ ಮನೆಯ ಮಕ್ಕಳು ಶಾಲೆ ಬಿಟ್ಟು ಬಂದಾಗ ಆಕೆ ಜಗಲಿಯಲ್ಲಿ ಕೂರಿಸಿಕೊಂಡು ಅವಲಕ್ಕಿ ಕೊಟ್ಟರೆ ಆ ಅಪ್ಪ ಅಮ್ಮನಿಗೆ ಎಷ್ಟು ದೊಡ್ಡ ನೆಮ್ಮದಿ! ಅವರಿಂದ ಏನಾಗುತ್ತೆ ಅಂತ ಬರೀ ಅಂತ ನಾನು ಅಂದದ್ದು ಇದನ್ನೇ.

ಶಿಷ್ಯ: ಈಗ ಅರ್ಥ ಆಯ್ತು. ಆದರೂ ಕೊನೆಗೊಂದು ಮನೆ ಉಳಿಯುತ್ತೆ ಅಕ್ಕೋರೇ. ಪಾರ್ಶ್ವವಾಯು ಹೊಡೆದು ಮಾತು, ಕೈಕಾಲು ಎಲ್ಲ ನಿಂತುಹೋದವರು. ಅವರಿಂದ ಏನಾಗುತ್ತೆ ಅಂತ ಬರೀಲಿ?

ಅಕ್ಕೋರು: ಅಲ್ಲಿ ಏನೂ ಬರೀಬೇಡ. ಅವರು ಎಷ್ಟೋ ವರ್ಷ ಕೊಟ್ಟವರೇ. ಆ ಮನೆಯಲ್ಲಿ ನೋಡಬೇಕಾದದ್ದು ಇನ್ನೊಬ್ಬರನ್ನ. ಹಗಲು ರಾತ್ರಿ ಅವರ ಆರೈಕೆ ಮಾಡೋ ಸೊಸೆ ಇದ್ದಾಳಲ್ಲ, ಅವಳ ಹೆಸರು ನಿಮ್ಮ ಪಟ್ಟಿಯಲ್ಲೇ ಇಲ್ಲ. ಅವಳಿಗೆ ಅಕ್ಕಿ ಬೇಡ, ಔಷಧಿ ಬೇಡ. ಅವಳು ಒಂದು ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗಿ ಎಷ್ಟು ದಿನವಾಯ್ತೋ. ತಂಗಿಯ ಸೀಮಂತಕ್ಕೂ ಹೋಗಲಿಲ್ಲ ಅಂತ ಕೇಳಿದೆ. ಆ ಮನೆಗೆ ಬೇಕಾದದ್ದು ಹಾಸಿಗೆ ಪಕ್ಕ ಕೂತು, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಾಯಿಸಿ, ಚಮಚದಲ್ಲಿ ಗಂಜಿ ಹಾಕೋ ಒಬ್ಬರು.

ಶಿಷ್ಯ: ಅದನ್ನ ನಮ್ಮ ಹುಡುಗರು ಮಾಡಿಯಾರು ಅಂತ ಅನಿಸಲ್ಲ. ಕಲೀಬೇಕು.

ಅಕ್ಕೋರು: ಕಲಿಯಿರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಕೇಳಿದರೆ ತೋರಿಸಿಕೊಡ್ತಾರೆ. ಅಲ್ಲಿಯವರೆಗೆ ಗುರುವಾರ ಮಧ್ಯಾಹ್ನ ಆ ಮನೆಗೆ ನಾನು ಹೋಗ್ತೀನಿ, ನನ್ನ ಹೆಸರು ಬರೆದುಕೋ. ನೀವು ಭಾನುವಾರ ಕೊನೆಗಾರನನ್ನ ತೋಟಕ್ಕೆ ಕರಕೊಂಡು ಹೋಗಿ. ಸಂಬಳ ಅವತ್ತೇ ಕೊಡಿ.